ಲ್ಯಾಟರಲ್ ಎಂಟ್ರಿಯವರ ಅಡಿಷನಲ್ ಮ್ಯಾಥ್ಸ್: ಕಷ್ಟ ಎಲ್ಲಿದೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಇಂಜಿನಿಯರಿಂಗಿಗೆ ಬರುವ ನಮ್ಮಲ್ಲಿ ಪಿಯುಸಿ ಮೆಟ್ಟಿಲು ಹತ್ತದವರು ಸಾಕಷ್ಟು ಜನ ಇದ್ದೇವೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ಮೂರು ವರ್ಷ ಪಾಲಿಟೆಕ್ನಿಕ್, ಆಮೇಲೆ ಡಿಸಿಇಟಿ ಬರೆದು ಸೀದಾ ಮೂರನೇ ಸೆಮಿಸ್ಟರಿಗೆ. ಒಂದು ವರ್ಷದ ಫೀಸು ಉಳೀತು ಅಂತ ಮನೆಯಲ್ಲಿ ಖುಷಿ. ಆದರೆ ಆ ಒಂದು ವರ್ಷದಲ್ಲೇ ನಮ್ಮ ಪಕ್ಕದ ಬೆಂಚಿನವರು ಎರಡು ಮೂರು ವೇರಿಯೇಬಲ್‌ಗಳ ಕ್ಯಾಲ್ಕುಲಸ್ ಮುಗಿಸಿರ್ತಾರೆ.

ಡಿಪ್ಲೊಮಾದ ಸಿ-20 ಪಠ್ಯಕ್ರಮದಲ್ಲಿ ಇಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್ ಇರುವುದು ಒಂದೇ ಸೆಮಿಸ್ಟರು. ಮ್ಯಾಟ್ರಿಕ್ಸ್, ಸರಳ ರೇಖೆ, ತ್ರಿಕೋನಮಿತಿ, ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಎಲ್ಲ ಅದರಲ್ಲೇ. ಎಲ್ಲಾ ಕಡೆ ಒಂದೇ ಎಕ್ಸ್. ಈ ಕಂದಕಕ್ಕೆ ವಿಟಿಯು ಒಂದು ಸೇತುವೆ ಹಾಕಿತು. 2018ರ ಸ್ಕೀಮಿನಲ್ಲಿ ಲ್ಯಾಟರಲ್ ಎಂಟ್ರಿಯವರಿಗೆ ಅಂತಲೇ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಒಂದು, ಎರಡು. ಕ್ರೆಡಿಟ್ ಸೊನ್ನೆ. ಆದರೆ ಅದು ಪಾಸಾಗದೆ ಡಿಗ್ರಿ ಇಲ್ಲ.

ಅಮೆರಿಕದಲ್ಲಿ ಇಂಥದ್ದೇ ದಾರಿ ಹಿಡಿಯುವವರು ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಓದಿ, ಸಾಮಾನ್ಯವಾಗಿ ಅದರ ಕ್ರೆಡಿಟ್ ಸಮೇತ ವಿಶ್ವವಿದ್ಯಾಲಯಕ್ಕೆ ಹೋಗ್ತಾರೆ. ನಮಗೆ ಓದೂ ಉಂಟು, ಪರೀಕ್ಷೆಯೂ ಉಂಟು, ಕ್ರೆಡಿಟ್ ಮಾತ್ರ ಇಲ್ಲ. ಕ್ರೆಡಿಟ್ ಇಲ್ಲದ ವಿಷಯಕ್ಕೆ ನಾವು ಎಷ್ಟು ಮರ್ಯಾದೆ ಕೊಡ್ತೀವಿ ಅನ್ನೋದು ಎಲ್ಲರಿಗೂ ಗೊತ್ತು. ಅಷ್ಟರಲ್ಲಿ ಮೆಕ್ಯಾನಿಕಲ್‌ನವರ ಹೀಟ್ ಟ್ರಾನ್ಸ್‌ಫರ್, ಎಲೆಕ್ಟ್ರಿಕಲ್‌ನವರ ಫೀಲ್ಡ್ ಥಿಯರಿ, ಸಿವಿಲ್‌ನವರ ಫ್ಲೂಯಿಡ್ಸ್ ಎಲ್ಲ ಇದು ನಮಗೆ ಬರುತ್ತೆ ಅಂತಲೇ ಶುರುವಾಗಿರುತ್ತವೆ.

ಹಾಗಾದ್ರೆ ಕಷ್ಟ ಎಲ್ಲಿದೆ? ಪಾರ್ಶಿಯಲ್ ಡಿಫರೆನ್ಸಿಯೇಷನ್‌ನಲ್ಲಂತೂ ಅಲ್ಲ. ಹಾಸ್ಟೆಲಿನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಇಟ್ಟಿರುವ ನೀರು ಕಾಯಿಸುವ ಕಾಯಿಲ್ ತಗೊಳ್ಳಿ. ಅದರ ಪವರ್ ಅಂದ್ರೆ ವೋಲ್ಟೇಜಿನ ವರ್ಗವನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದ್ದು. ಇಲ್ಲಿ ವೇರಿಯೇಬಲ್ ಎರಡು. 230 ವೋಲ್ಟ್, 52.9 ಓಮ್ ಇದ್ದರೆ ಸರಿಯಾಗಿ 1000 ವ್ಯಾಟ್. ರೆಸಿಸ್ಟೆನ್ಸನ್ನು ಅಲುಗಾಡದಂತೆ ಹಿಡಿದು ವೋಲ್ಟೇಜಿನ ಮೇಲೆ ಮಾತ್ರ ಡಿಫರೆನ್ಸಿಯೇಟ್ ಮಾಡಿದರೆ ಪ್ರತಿ ವೋಲ್ಟಿಗೆ ಸುಮಾರು 8.7 ವ್ಯಾಟ್. ವೋಲ್ಟೇಜ್ 220ಕ್ಕೆ ಇಳಿದರೆ ಸುಮಾರು 87 ವ್ಯಾಟ್ ಹೋಗುತ್ತೆ ಅಂತ ಅಂದಾಜು. ಸರಿಯಾಗಿ ಲೆಕ್ಕ ಹಾಕಿದರೆ 85. ಒಂದನ್ನು ಬಿಟ್ಟು ಉಳಿದದ್ದೆಲ್ಲ ಸ್ಥಿರ ಅಂದುಕೊಳ್ಳೋದು, ಅಷ್ಟೇ. ಡಿಪ್ಲೊಮಾದಲ್ಲಿ ಕಲಿತ ಸೂತ್ರಗಳೇ ಸಾಕು.

ಗ್ರೇಡಿಯೆಂಟ್ ಕೂಡ ನಮ್ಮ ಹೊಲದಲ್ಲೇ ಇದೆ. ಕೂಡ್ಲಿಗಿ ಕಡೆಯ ಮಳೆ ನಂಬಿದ ಹೊಲಗಳಲ್ಲಿ ಒಡ್ಡನ್ನು ಇಳಿಜಾರಿಗೆ ಅಡ್ಡ ಹಾಕ್ತಾರೆ, ಅಂದ್ರೆ ಒಂದೇ ಎತ್ತರದ ಬಿಂದುಗಳನ್ನು ಕೂಡಿಸುವ ಗೆರೆಯ ಗುಂಟ. ಗ್ರೇಡಿಯೆಂಟ್ ಆ ಗೆರೆಗೆ ಲಂಬವಾಗಿ, ಏರು ಎಲ್ಲಿ ಅತಿ ಕಡಿದೋ ಆ ಕಡೆ ತೋರಿಸುತ್ತೆ. ನೀರು ಅದರ ವಿರುದ್ಧ ದಿಕ್ಕಿಗೆ ಓಡುತ್ತೆ, ಒಡ್ಡಿಗೆ ಬಂದು ತಡೆಯುತ್ತೆ.

ನಿಜವಾದ ಕಷ್ಟ ಇರುವುದು ಇಂಟಿಗ್ರೇಷನ್‌ನಲ್ಲಿ, ಅದರಲ್ಲೂ ಲಿಮಿಟ್ ಹಾಕುವುದರಲ್ಲಿ. ಒಂದೇ ಎಕ್ಸ್ ಇದ್ದಾಗ ಲಿಮಿಟ್ ಅಂದ್ರೆ ಎರಡು ಸಂಖ್ಯೆ, ಪ್ರಶ್ನೆಯಲ್ಲೇ ಕೊಟ್ಟಿರ್ತಾರೆ. ಇಲ್ಲಿ ಲಿಮಿಟ್ಟೇ ಇನ್ನೊಂದು ವೇರಿಯೇಬಲ್ ಮೇಲೆ ನಿಂತಿರುತ್ತೆ. ಒಂದು ಕೃಷಿ ಹೊಂಡ ನೋಡಿ: ಮೇಲ್ಗಡೆ 21 ಮೀಟರ್ ಚೌಕ, ತಳದಲ್ಲಿ 12 ಮೀಟರ್ ಚೌಕ, ಆಳ 3 ಮೀಟರ್. ಎಷ್ಟು ನೀರು ಹಿಡಿಯುತ್ತೆ? ಸುಲಭದ ದಾರಿ: ಮೇಲಿನ ವಿಸ್ತೀರ್ಣ 441, ತಳದ್ದು 144, ಸರಾಸರಿ 292.5, ಅದನ್ನು ಆಳದಿಂದ ಗುಣಿಸಿದರೆ 877.5 ಘನ ಮೀಟರ್. ಉತ್ತರ ತಪ್ಪು.

ತಳದಿಂದ ಝಡ್ ಎತ್ತರಕ್ಕೆ ಹೋದಾಗ ಹೊಂಡದ ಬದಿ 12 ಕೂಡಿಸು ಮೂರು ಝಡ್. ಅಂದ್ರೆ ಎಕ್ಸ್ ಮತ್ತು ವೈ ಎರಡೂ ಸೊನ್ನೆಯಿಂದ ಅಲ್ಲಿಯವರೆಗೆ ಓಡಬೇಕು, ಝಡ್ ಮಾತ್ರ ಸೊನ್ನೆಯಿಂದ 3ರವರೆಗೆ. ಒಳಗಿನ ಎರಡು ಇಂಟಿಗ್ರಲ್ ಮುಗಿಸಿದರೆ ಆ ಬದಿಯ ವರ್ಗ ಉಳಿಯುತ್ತೆ. ಅದನ್ನು ಝಡ್ ಮೇಲೆ ಇಂಟಿಗ್ರೇಟ್ ಮಾಡಿದರೆ 837. ವ್ಯತ್ಯಾಸ 40.5 ಘನ ಮೀಟರ್, ಅಂದ್ರೆ 40,500 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಟು ಲೋಡು ಇಲ್ಲದ ನೀರು. ಅಗೆದ ಮಣ್ಣಿಗೆ ಘನ ಮೀಟರ್ ಲೆಕ್ಕದಲ್ಲಿ ದುಡ್ಡು ಕೊಡೋ ರೈತನಿಗೆ ಇದು ಸಣ್ಣ ತಪ್ಪಲ್ಲ. ಟ್ರಿಪಲ್ ಇಂಟಿಗ್ರಲ್ ಅಂದ್ರೆ ಇಷ್ಟೇ: ಯಾವ ಎತ್ತರದಲ್ಲಿ ನಿಂತಿದ್ದೇವೆ ಅನ್ನೋದರ ಮೇಲೆ ಗೋಡೆ ಎಲ್ಲಿದೆ ಅನ್ನೋದು ತೀರ್ಮಾನ ಆಗುತ್ತೆ.

ಇನ್ನು ಜಾಕೋಬಿಯನ್. ಪೋಲಾರ್ ನಿರ್ದೇಶಾಂಕಕ್ಕೆ ಬದಲಿಸಿದಾಗ ಡಿಎಕ್ಸ್ ಡಿವೈ ಜಾಗದಲ್ಲಿ ಡಿಆರ್ ಡಿಥೀಟಾ ಬರೆದರೆ ಸಾಲದು, ಮುಂದೆ ಒಂದು ಆರ್ ಸೇರಿಸಬೇಕು. ಆ ಆರ್ ಎಲ್ಲಿಂದ ಬಂತು ಅಂತ ಕೇಳಿದರೆ ಡಿಟರ್ಮಿನೆಂಟ್ ಬಿಡಿಸಿ ತೋರಿಸ್ತಾರೆ. ಅದು ಸರಿಯೇ, ಆದರೆ ಮನಸ್ಸಿಗೆ ಇಳಿಯೋದಿಲ್ಲ. ಹಂತಿ ನೆನಪಿಸಿಕೊಳ್ಳಿ. ಈಗ ಅಪರೂಪ, ರಸ್ತೆ ಮೇಲೆ ತೆನೆ ಹರವಿ ಲಾರಿ ಕೈಲಿ ತುಳಿಸೋ ಕಾಲ. ಮನೆಯ ಅಜ್ಜನನ್ನು ಕೇಳಿದರೆ ಹೇಳ್ತಾರೆ. ಕಣದ ನಡುವೆ ಮೇಟಿ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು. ಮೇಟಿಯಿಂದ ಒಂದು ಮೀಟರ್ ದೂರದ ಎತ್ತು, ನಾಲ್ಕು ಮೀಟರ್ ದೂರದ ಎತ್ತು ಎರಡೂ ತಿರುಗುವ ಕೋನ ಒಂದೇ. ಆದರೆ ಹೊರಗಿನದು ನಾಲ್ಕು ಪಟ್ಟು ನಡೆಯುತ್ತೆ, ಹೆಜ್ಜೆ ಸಾಲಿನ ಅಗಲ ಒಂದೇ ಆದರೆ ನಾಲ್ಕು ಪಟ್ಟು ತೆನೆ ತುಳಿಯುತ್ತೆ. ಆ ದೂರವೇ ಆರ್. ಅದನ್ನು ಬಿಟ್ಟು ಲೆಕ್ಕ ಮಾಡೋದು ಅಂದ್ರೆ ಎರಡೂ ಎತ್ತು ಒಂದೇ ಅಳತೆಯ ಜಾಗ ತುಳಿದವು ಅಂದ ಹಾಗೆ.

ಹೊಸದಾಗಿ ಬರುವ ತಮ್ಮ ತಂಗಿಯರಿಗೆ ನಾವು ಹೇಳುವುದಿಷ್ಟು. ಡಿಸಿಇಟಿ ಮುಗಿದು ಕಾಲೇಜು ಶುರುವಾಗುವ ಮೊದಲು ಸಿಗುವ ದಿನಗಳಲ್ಲಿ ಪಾರ್ಶಿಯಲ್ ಡಿಫರೆನ್ಸಿಯೇಷನ್ ಮುಗಿಸಿಬಿಡಿ, ಅದಕ್ಕೆ ಒಂದು ವಾರ ಸಾಕು. ಗ್ರೆವಾಲ್ ಪುಸ್ತಕ ಹಳೇದಾದರೂ ನಡೆಯುತ್ತೆ, ಸೀನಿಯರ್ಸ್ ಹತ್ತಿರ ಸಿಗುತ್ತೆ. ಇಂಗ್ಲಿಷ್ ಕಿವಿಗೆ ಹೊಂದುವವರಿಗೆ ಎಂಐಟಿಯಲ್ಲಿ ಡೆನಿಸ್ ಔರೂ 2007ರಲ್ಲಿ ಮಾಡಿದ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಪಾಠಗಳು ಪುಕ್ಕಟೆ ಇವೆ. ಇಂಟಿಗ್ರೇಷನ್‌ಗೆ ಮಾತ್ರ ವಿಡಿಯೋ ನೋಡಿದರೆ ಆಗೋದಿಲ್ಲ. ಆರ್ಡರ್ ಬದಲಿಸುವ ಪ್ರಶ್ನೆ ಬಂದಾಗ ಮೊದಲು ಪ್ರದೇಶದ ಚಿತ್ರ ಬರೀರಿ, ಅದರ ಮೇಲೆ ಒಂದು ಗೆರೆ ಎಳೆದು ಎಲ್ಲಿ ಒಳಗೆ ಹೋಯ್ತು, ಎಲ್ಲಿ ಹೊರಗೆ ಬಂತು ನೋಡಿ, ಆಮೇಲೆ ಲಿಮಿಟ್ ಬರೀರಿ.