ಟ್ರ್ಯಾಕ್ಟರಿನ ಹಿಂದಿನ ಒಂದೇ ಟೈರು ಬೇಗ ಸವೆಯುವುದೇಕೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಟ್ರ್ಯಾಕ್ಟರು ಎರೆ ಹೊಲದಲ್ಲಿ ನೇಗಿಲು ಎಳೆಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹೇರು ತುಂಬಿಕೊಂಡು ಡಾಂಬರು ರಸ್ತೆಯಲ್ಲೂ ಓಡುತ್ತದೆ. ಹಿಂದಿನ ಟೈರಿನ ಸವೆತ ನೋಡಿ ದೋಷ ಎಲ್ಲಿದೆಯೆಂದು ತಿಳಿಯಬಹುದು.

ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿದೆ, ಇಲ್ಲವೇ ಹೇರು ಮಿತಿಮೀರಿದೆ. ಟೈರು ತಣ್ಣಗಿರುವಾಗ ಗೇಜಿನಿಂದ ಅಳೆಯಿರಿ. ಹೊಲಕ್ಕೆ ಎಷ್ಟು, ರಸ್ತೆಗೆ ಎಷ್ಟು ಎಂದು ಕೈಪಿಡಿಯಲ್ಲಿ ಹೇಳಿದಷ್ಟೇ ಗಾಳಿ ಇಡಿರಿ.

ಒಂದೇ ಟೈರು ಬೇಗ ಸವೆಯುತ್ತಿದ್ದರೆ ಎರಡರ ಗಾಳಿಯೂ ಸಮವಿದೆಯೇ ನೋಡಿರಿ. ಸಮವಿದ್ದರೆ ಬ್ರೇಕು ಪರೀಕ್ಷಿಸಿರಿ. ಎಡ, ಬಲ ಗಾಲಿಗಳಿಗೆ ಬೇರೆ ಬೇರೆ ಪೆಡಲು ಇರುವುದು ಹೊಲದ ಅಂಚಿನಲ್ಲಿ ಚಿಕ್ಕ ತಿರುವು ತೆಗೆದುಕೊಳ್ಳಲು. ರಸ್ತೆಗೆ ಇಳಿಯುವ ಮುಂಚೆ ಕೊಂಡಿ ಹಾಕಿ ಎರಡನ್ನೂ ಕೂಡಿಸಲೇಬೇಕು.

ಟ್ರೇಲರ್ ಬಿಚ್ಚಿ, ಕೊಂಡಿ ಹಾಕಿ, ಸಮತಟ್ಟಾದ ಬಯಲಿನಲ್ಲಿ ನಿಧಾನವಾಗಿ ಓಡಿಸುತ್ತ ಬ್ರೇಕು ಒತ್ತಿರಿ. ಟ್ರ್ಯಾಕ್ಟರು ಒಂದು ಬದಿಗೆ ಎಳೆದರೆ ಬ್ರೇಕು ಸಮನಾಗಿಲ್ಲ; ಎಳೆದ ಬದಿಯ ಟೈರು ಹೆಚ್ಚು ಸವೆಯುತ್ತದೆ. ಇಳಿಜಾರಿನಲ್ಲಿ ಕಬ್ಬಿನ ಟ್ರೇಲರ್ ಹಿಂದಿನಿಂದ ನೂಕುವಾಗ ಇಂಥ ಟ್ರ್ಯಾಕ್ಟರು ಮಗುಚಿಬೀಳಬಹುದು. ಆದ್ದರಿಂದ ಹೊಸ ಟೈರು ಕೊಳ್ಳುವ ಮೊದಲು, ಹಂಗಾಮು ಶುರುವಾಗುವ ಮೊದಲು, ಬಲ್ಲ ಮಿಸ್ತ್ರಿಯಿಂದ ಬ್ರೇಕು ಸರಿಮಾಡಿಸಿಕೊಳ್ಳಿರಿ.