ರಂಗದಿಂದ ಪರದೆಗೆ, ಪರದೆಯಿಂದ ರಂಗಕ್ಕೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಅದರಲ್ಲಿ ಇಂದ್ರಜಿತುವಾದವರು ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾದವರು ಆರ್. ನಾಗೇಂದ್ರರಾಯರು. ಇಬ್ಬರೂ ನಾಟಕ ಕಂಪನಿಯಲ್ಲಿ ಪಳಗಿ ಬಂದವರು. ನಾಯ್ಡು ಅವರ ಮಗ ಲೋಕೇಶ್ ಹವ್ಯಾಸಿ ರಂಗಭೂಮಿಯಲ್ಲಿ ಹೆಸರು ಮಾಡಿ, ‘ಭೂತಯ್ಯನ ಮಗ ಅಯ್ಯು’ (1974) ಮತ್ತು ‘ಪರಸಂಗದ ಗೆಂಡೆತಿಮ್ಮ’ (1978) ಚಿತ್ರಗಳಿಂದ ಮನೆಮಾತಾದರು. ಮೊಮ್ಮಗ ಸೃಜನ್ ಲೋಕೇಶ್ 2015ರಲ್ಲಿ ಕಲರ್ಸ್ ಕನ್ನಡ ವಾಹಿನಿಯ ‘ಮಜಾ ಟಾಕೀಸ್’ ಮೂಲಕ ಕಿರುತೆರೆಯನ್ನು ಆಳಿದರು. ಕರ್ನಾಟಕದ ಜನಪ್ರಿಯ ಸಂಸ್ಕೃತಿ ರಂಗದಿಂದ ಬೆಳ್ಳಿತೆರೆಗೆ, ಅಲ್ಲಿಂದ ಕಿರುತೆರೆಗೆ ಹರಿದುಬಂದ ದಾರಿ ಈ ಒಂದೇ ಮನೆತನದ ಮೂರು ತಲೆಮಾರುಗಳಲ್ಲಿ ಕಾಣುತ್ತದೆ. ಹಾಗೆಂದು ಇದು ಒಮ್ಮುಖದ ಪಯಣವಲ್ಲ. ಪ್ರತಿ ಹೊಸ ಮಾಧ್ಯಮವೂ ರಂಗಭೂಮಿಯಿಂದ ನಟರನ್ನೂ ಕಥೆಗಳನ್ನೂ ಪಡೆದಿದೆ. ರಂಗಭೂಮಿಯೂ ಆಯಾ ಕಾಲದ ಪರದೆಯಿಂದ ತನಗೆ ಬೇಕಾದುದನ್ನು ಎತ್ತಿಕೊಂಡಿದೆ.

ಸಿನಿಮಾ ಬರುವ ಮುನ್ನ ಊರೂರಿನ ಮನರಂಜನೆ ವೃತ್ತಿ ನಾಟಕ ಕಂಪನಿಗಳ ಕೈಯಲ್ಲಿತ್ತು. ಇವುಗಳಲ್ಲಿ ದೊಡ್ಡ ಹೆಸರು 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ್ದು. ಬಾಲನಟನಾಗಿ ಸೇರಿದ ಗುಬ್ಬಿ ವೀರಣ್ಣ ಮುಂದೆ ಅದರ ಒಡೆಯರಾದರು. ಅವರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳು ಬರುತ್ತಿದ್ದವು. ಬಣ್ಣಬಣ್ಣದ ಪರದೆಗಳು, ಝಗಮಗಿಸುವ ಸೀನುಗಳು, ‘ಒನ್ಸ್ ಮೋರ್’ ಕೂಗಿಗೆ ಮರಳಿ ಹಾಡುವ ರಂಗಗೀತೆಗಳು, ಗಂಭೀರ ದೃಶ್ಯಗಳ ನಡುವೆ ನಗಿಸುವ ಹಾಸ್ಯ ಜೋಡಿ: ಕಂಪನಿ ನಾಟಕದ ಬಂಡವಾಳವೇ ಇದು. ಜನಪ್ರಿಯ ಸಿನಿಮಾ ಈ ಇಡೀ ಸಾಮಗ್ರಿಯನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡಿತು.

ಜೊತೆಗೆ ಜನರನ್ನೂ ಕರೆದುಕೊಂಡಿತು. 1954ರ ‘ಬೇಡರ ಕಣ್ಣಪ್ಪ’ ಅದಕ್ಕೆ ಒಳ್ಳೆಯ ನಿದರ್ಶನ. ನಾಯಕರಾಗಿ ಅಲ್ಲಿ ಪರಿಚಿತರಾದ ರಾಜ್‌ಕುಮಾರ್, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಬಾಲ್ಯದಲ್ಲೇ ಗುಬ್ಬಿ ಕಂಪನಿಯ ರಂಗ ಹತ್ತಿದ್ದವರು. ಅದೇ ಚಿತ್ರದಲ್ಲಿದ್ದ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಕಂಪನಿಯವರೇ. ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸಿದ ಅಭ್ಯಾಸ, ಹಾಡು ಮತ್ತು ಮಾತು ಎರಡನ್ನೂ ನಿಭಾಯಿಸುವ ಗಂಟಲು, ಅಸ್ಖಲಿತ ಉಚ್ಚಾರಣೆ ಇವರನ್ನು ಚಿತ್ರರಂಗಕ್ಕೆ ಅನಿವಾರ್ಯವಾಗಿಸಿದವು. ಪ್ರೇಕ್ಷಕರು ಟಾಕೀಸಿನತ್ತ ಹೊರಳಿದಂತೆ ಕಂಪನಿಗಳು ಸೊರಗಿದವು. ಆದರೂ ಉತ್ತರ ಕರ್ನಾಟಕದಲ್ಲಿ ಅವು ಉಳಿದವು. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಟೆಂಟು ಹಾಕಿ ನಾಟಕವಾಡುತ್ತವೆ.

ಎಪ್ಪತ್ತರ ದಶಕದಲ್ಲಿ ನಗರದ ಹವ್ಯಾಸಿ ರಂಗಭೂಮಿ ಬೇರೊಂದು ದಾರಿ ಹಿಡಿಯಿತು. ಗುಬ್ಬಿ ಕಂಪನಿಯಲ್ಲಿ ಬೆಳೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಬಿ.ವಿ. ಕಾರಂತರು ಹಾಡು, ಗುಂಪು ಮತ್ತು ಚಲನೆಯನ್ನೇ ನೆಚ್ಚಿಕೊಂಡು ಹೊಸ ನಾಟಕ ಕಟ್ಟಿದರು. ನಟರಂಗ, ಬೆನಕ, ಸಮುದಾಯದಂಥ ತಂಡಗಳು ಹುಟ್ಟಿದವು. ಹಗಲು ಬ್ಯಾಂಕು, ಕಾರ್ಖಾನೆ, ಕಾಲೇಜುಗಳಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವ ನಟವರ್ಗ ಬೆಳೆಯಿತು. ಗಿರೀಶ ಕಾರ್ನಾಡರ ‘ತುಘಲಕ್’ ಪಾತ್ರದಿಂದ ಹೆಸರಾದ ಸಿ.ಆರ್. ಸಿಂಹ, ಮಾಸ್ತಿಯವರ ನಾಟಕ ‘ಕಾಕನಕೋಟೆ’ಯನ್ನು 1977ರಲ್ಲಿ ಚಿತ್ರವಾಗಿಸಿದರು, ಅದರಲ್ಲಿ ಲೋಕೇಶ್ ನಟಿಸಿದರು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1989ರಲ್ಲಿ ಮೈಸೂರಿನಲ್ಲಿ ಕಾರಂತರ ನೇತೃತ್ವದಲ್ಲಿ ರಂಗಾಯಣ ಆರಂಭವಾಯಿತು.

ಕಿರುತೆರೆಗೆ ನಟರು ಬೇಕಾದಾಗ ಇಲ್ಲಿ ತಯಾರಾದವರು ಕೈಗೆ ಸಿಕ್ಕಿದರು. ದೂರದರ್ಶನಕ್ಕಾಗಿ ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಹಿಂದಿ ಮತ್ತು ಇಂಗ್ಲಿಷ್ ಧಾರಾವಾಹಿಯಾದರೂ, ತಾರಾಗಣದ ತುಂಬ ಕನ್ನಡ ರಂಗದ ಮುಖಗಳೇ ಇದ್ದವು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ ಬಂದ ಮೇಲೆ ಬೇಡಿಕೆ ಹಲವು ಪಟ್ಟು ಏರಿತು. ‘ಆಸ್ಫೋಟ’, ‘ನಮ್ಮೊಳಗೊಬ್ಬ ನಾಜೂಕಯ್ಯ’ ನಾಟಕಗಳನ್ನು ಬರೆದಿದ್ದ ಟಿ.ಎನ್. ಸೀತಾರಾಂ ‘ಮಾಯಾಮೃಗ’, ‘ಮನ್ವಂತರ’, ‘ಮುಕ್ತ’ ಧಾರಾವಾಹಿಗಳ ಮೂಲಕ ಮಧ್ಯಮವರ್ಗದ ಮನೆಗಳನ್ನು ಹೊಕ್ಕರು. ಅವುಗಳಲ್ಲಿ ಬರುವ ನ್ಯಾಯಾಲಯದ ದೃಶ್ಯಗಳಿಗೆ ನಾಟಕದ ಕಟ್ಟು ಇದೆ. ಎದುರುಬದುರು ನಿಂತ ಇಬ್ಬರು, ಏರುತ್ತ ಹೋಗುವ ವಾದ, ತುಸು ಮೌನ, ತಿರುವು. ಮಾತೇ ಅಲ್ಲಿ ಕ್ರಿಯೆ.

ಆದರೆ ಎರಡು ಮಾಧ್ಯಮಗಳ ನಟನೆ ಒಂದೇ ಅಲ್ಲ. ರಂಗದಲ್ಲಿ ನಟನ ಇಡೀ ದೇಹ ಕಾಣುತ್ತದೆ, ಭಾವ ದೂರಕ್ಕೆ ತಲುಪಬೇಕು. ಕ್ಲೋಸಪ್‌ನಲ್ಲಿ ಹುಬ್ಬು ತುಸು ಹೆಚ್ಚು ಮೇಲೆದ್ದರೂ ಅತಿ ಎನಿಸುತ್ತದೆ. ತಿಂಗಳುಗಟ್ಟಲೆ ತಾಲೀಮು ಮಾಡಿದ ನಾಟಕದ ನಟನಿಗೆ ಕಥೆಯ ಕೊನೆ ಗೊತ್ತಿರುತ್ತದೆ. ಧಾರಾವಾಹಿಯ ನಟನಿಗೆ ಎಷ್ಟೋ ಸಲ ಸಂಭಾಷಣೆಯ ಹಾಳೆ ಸಿಗುವುದೇ ಸೆಟ್ಟಿನಲ್ಲಿ. ಸಹಾಯಕ ನಿರ್ದೇಶಕ ಕ್ಯಾಮೆರಾ ಹಿಂದೆ ನಿಂತು ಸಾಲು ಸಾಲಾಗಿ ಪ್ರಾಂಪ್ಟ್ ಮಾಡುತ್ತಾನೆ, ನಟ ಅದನ್ನು ಕೇಳಿಸಿಕೊಂಡು ಒಪ್ಪಿಸುತ್ತಾನೆ. ಕಂಪನಿ ನಾಟಕದಲ್ಲಿ ಸೈಡ್ ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ನಿಲ್ಲುತ್ತಿದ್ದ ಪ್ರಾಂಪ್ಟರ್ ಹೀಗೆ ಕಿರುತೆರೆಯಲ್ಲಿ ಮರುಜನ್ಮ ಪಡೆದಿದ್ದಾನೆ. ವ್ಯತ್ಯಾಸವೆಂದರೆ, ಅಲ್ಲಿ ನಟ ಮಾತು ಮರೆತಾಗ ಮಾತ್ರ ಆತ ಬೇಕಾಗುತ್ತಿದ್ದ. ಪ್ರೇಕ್ಷಕರ ತೀರ್ಪೂ ಬೇರೆ ರೀತಿಯದು. ರಂಗದಲ್ಲಿ ಅದು ಚಪ್ಪಾಳೆಯಾಗಿ ಆಗಲೇ ಸಿಗುತ್ತದೆ. ವಾಹಿನಿಯಲ್ಲಿ ವಾರಕ್ಕೊಮ್ಮೆ ಟಿಆರ್‌ಪಿ ಅಂಕಿಯಾಗಿ ಬರುತ್ತದೆ, ಅದಕ್ಕೆ ತಕ್ಕಂತೆ ಕಥೆ ದಿಕ್ಕು ಬದಲಿಸುತ್ತದೆ.

ರಿಯಾಲಿಟಿ ಷೋಗಳು ನೇರವಾಗಿ ನಾಟಕದ ರೂಪವನ್ನೇ ವಾಹಿನಿಗೆ ತಂದವು. ‘ಮಜಾ ಟಾಕೀಸ್’ನಲ್ಲಿ ಒಂದೇ ಮನೆಯ ಸೆಟ್ಟು, ಎದುರಿಗೆ ಕುಳಿತ ಪ್ರೇಕ್ಷಕರು, ಪಕ್ಕದಲ್ಲಿ ವಾದ್ಯವೃಂದ, ವಾರವಾರವೂ ಅದೇ ಸ್ವಭಾವ ಹೊತ್ತು ಬರುವ ಪಾತ್ರಗಳು: ಕಂಪನಿಯ ಹಾಸ್ಯ ದೃಶ್ಯದ ಚೌಕಟ್ಟು ಇಲ್ಲಿ ಸ್ಪಷ್ಟ. ಜೀ ಕನ್ನಡದ ‘ಡ್ರಾಮಾ ಜೂನಿಯರ್ಸ್’ ಮಕ್ಕಳ ಕೈಯಲ್ಲಿ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ದೃಶ್ಯಗಳನ್ನು ಆಡಿಸಿತು; ‘ಕಾಮಿಡಿ ಕಿಲಾಡಿಗಳು’ ಹಳ್ಳಿಗಾಡಿನ ಪ್ರತಿಭೆಗಳಿಗೆ ವೇದಿಕೆಯಾಯಿತು. ಆದರೆ ಕೆಲವೇ ನಿಮಿಷಗಳಲ್ಲಿ ನಗು ಅಥವಾ ಕಣ್ಣೀರು ಬರಲೇಬೇಕೆಂಬ ಒತ್ತಡದಲ್ಲಿ ಪಾತ್ರ ನಿಧಾನವಾಗಿ ಬೆಳೆಯಲು ಇಲ್ಲಿ ಎಡೆಯಿಲ್ಲ.

ಪರದೆಯಿಂದ ರಂಗಕ್ಕೆ ಬರುವ ಹರಿವು ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ ಢಾಳಾಗಿ ಕಾಣುತ್ತದೆ. ಹಬ್ಬಕ್ಕೋ ಜಾತ್ರೆಗೋ ‘ಕುರುಕ್ಷೇತ್ರ’ ಆಡುವ ಊರಿನವರು ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ ಕಲಿಯುತ್ತಾರೆ. ಸೀನರಿ, ಒಡವೆ, ಕಿರೀಟ ಬಾಡಿಗೆಗೆ ಬರುತ್ತವೆ. ಇಲ್ಲಿ ನಟನಿಗೆ ಸಂಭಾವನೆಯಿಲ್ಲ, ಪಾತ್ರಕ್ಕೆ ಅವನೇ ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನರ ಪಾತ್ರ ದುಬಾರಿ, ದ್ವಾರಪಾಲಕನದು ಅಗ್ಗ. ದುರ್ಯೋಧನ ಗದೆ ಹೊತ್ತು ಬರುವ ಠೀವಿಯಲ್ಲಿ ರಾಜ್‌ಕುಮಾರ್ ಚಿತ್ರಗಳ ನೆರಳಿರುತ್ತದೆ, ನಡುವೆ ಸಿನಿಮಾ ಹಾಡಿನ ಮಟ್ಟು ನುಸುಳುತ್ತದೆ. ಜಾತ್ರೆಯ ಕಂಪನಿಗಳು ಕಿರುತೆರೆಯ ಹಾಸ್ಯ ಕಲಾವಿದರನ್ನು ಕರೆಸಿ, ಅವರ ಚಿತ್ರವನ್ನೇ ಪೋಸ್ಟರಿನಲ್ಲಿ ದೊಡ್ಡದಾಗಿ ಹಾಕುತ್ತವೆ.

ಪರದೆಯಲ್ಲಿ ಹೆಸರಾದ ಮೇಲೂ ರಂಗದ ಗುರುತು ಅಳಿಯದ ಉದಾಹರಣೆ ಮುಖ್ಯಮಂತ್ರಿ ಚಂದ್ರು. 1980ರಲ್ಲಿ ಕಲಾಗಂಗೋತ್ರಿ ತಂಡದ ‘ಮುಖ್ಯಮಂತ್ರಿ’ ನಾಟಕದಲ್ಲಿ ಮಾಡಿದ ಪಾತ್ರ ಅವರ ಹೆಸರಿಗೇ ಅಂಟಿತು. ಸಿನಿಮಾ, ಧಾರಾವಾಹಿ, ವಿಧಾನಸಭೆ ಎಲ್ಲ ಕಡೆ ಓಡಾಡಿದರೂ ಅವರು ಆ ನಾಟಕವನ್ನು ಬಿಡದೆ ನೂರಾರು ಬಾರಿ ಆಡಿದರು.

ಈ ವಿನಿಮಯದಲ್ಲಿ ಲಾಭ ಸಮನಾಗಿಲ್ಲ. ನಟರನ್ನು ತಯಾರು ಮಾಡುವ ಖರ್ಚು ಮತ್ತು ಶ್ರಮ ನೀನಾಸಂ, ರಂಗಾಯಣ, ಹವ್ಯಾಸಿ ತಂಡಗಳ ಪಾಲಿಗೆ ಬೀಳುತ್ತದೆ. ಸಿದ್ಧ ನಟನಿಂದ ಬರುವ ಆದಾಯ ವಾಹಿನಿಗೆ ಸೇರುತ್ತದೆ. ಬೆಳಗಿನಿಂದ ರಾತ್ರಿವರೆಗೆ ಚಿತ್ರೀಕರಣದಲ್ಲಿರುವವರು ಸಂಜೆಯ ತಾಲೀಮಿಗೆ ಸಿಗುವುದಿಲ್ಲ, ಹೀಗಾಗಿ ತಂಡಗಳು ಕಡಿಮೆ ಪಾತ್ರಗಳ ನಾಟಕಗಳತ್ತ, ಏಕವ್ಯಕ್ತಿ ಪ್ರಯೋಗಗಳತ್ತ ವಾಲುತ್ತಿವೆ. ಇನ್ನೊಂದೆಡೆ, ನಾಟಕವೊಂದನ್ನೇ ನಂಬಿ ಬದುಕಲಾಗದ ಎಷ್ಟೋ ನಟರಿಗೆ ಧಾರಾವಾಹಿಯ ದಿನಗೂಲಿಯೇ ಮನೆ ಬಾಡಿಗೆ ಕಟ್ಟುತ್ತದೆ, ಬಿಡುವಿನಲ್ಲಿ ರಂಗಕ್ಕೆ ಮರಳಲು ದಾರಿ ಮಾಡುತ್ತದೆ. ಕಿರುತೆರೆಯಲ್ಲಿ ಮುಖ ಕಂಡವರು ರಂಗಶಂಕರದಲ್ಲೋ ರವೀಂದ್ರ ಕಲಾಕ್ಷೇತ್ರದಲ್ಲೋ ಆಡುತ್ತಾರೆಂದರೆ, ನಾಟಕವನ್ನೇ ನೋಡದವರೂ ಟಿಕೆಟ್ ಕೊಳ್ಳುತ್ತಾರೆ. ಅವರಲ್ಲಿ ಒಂದಷ್ಟು ಮಂದಿ ಪರಿಚಿತ ಮುಖವಿಲ್ಲದ ಮುಂದಿನ ನಾಟಕಕ್ಕೂ ಬಂದರೆ, ರಂಗಭೂಮಿ ಕೊಟ್ಟಿದ್ದರಲ್ಲಿ ಸ್ವಲ್ಪವಾದರೂ ಮರಳಿ ಬಂದಂತೆ.