ಗುಮಟಾಪುರದ ಸಗಣಿ ಕಾಳಗ

ಗೆಳೆಯರ ಜೊತೆ ಮಾಲ್ ಸುತ್ತಿದ್ದು ಸಾಕು. ಈ ದೀಪಾವಳಿಗೆ ತಾಳವಾಡಿಗೆ ಬನ್ನಿ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಜನರ ಬಾಯಲ್ಲಿ ಮಾತ್ರ ಕನ್ನಡ.

ಬಲಿಪಾಡ್ಯಮಿಯ ಮಾರನೇ ದಿನ ಇಲ್ಲಿನ ಗುಮಟಾಪುರದಲ್ಲಿ ಗೋರೆ ಹಬ್ಬ. ಊರಿನ ಕೊಟ್ಟಿಗೆಗಳ ಸಗಣಿಯೆಲ್ಲ ಟ್ರ್ಯಾಕ್ಟರಿನಲ್ಲಿ ಬಂದು ಬೀರೇಶ್ವರನ ಗುಡಿ ಹತ್ತಿರ ರಾಶಿ ಬೀಳುತ್ತೆ. ಹುಲ್ಲಿನ ಗಡ್ಡಮೀಸೆ ಕಟ್ಟಿಕೊಂಡ ‘ಚಾಡಿಕೋರ’ ಕತ್ತೆ ಮೇಲೆ ಮೆರವಣಿಗೆ ಬರ್ತಾನೆ. ಚಾಡಿ ಹೇಳೋನಿಗೆ ತಕ್ಕ ಸನ್ಮಾನ! ನಮ್ಮ ಆಫೀಸಿಗೂ ಒಂದು ಕತ್ತೆ ಬೇಕಿತ್ತು. ಪೂಜೆ ಮುಗಿದದ್ದೇ ತಡ, ಗಂಡಸರು ಅಂಗಿ ಬಿಚ್ಚಿ ರಾಶಿಗೆ ಇಳೀತಾರೆ. ಉಂಡೆ ಕಟ್ಟು, ಎಸಿ. ಯಾರೂ ಮುನಿಸಿಕೊಳ್ಳೋ ಹಾಗಿಲ್ಲ.

ಯಾಕೆ ಸಗಣಿ? ತಿಪ್ಪೆಯಲ್ಲಿ ಹೂತಿದ್ದ ಲಿಂಗಕ್ಕೆ ಗಾಡಿ ತಾಗಿ ರಕ್ತ ಬಂತು, ಅಲ್ಲಿಂದ ಈ ಹಬ್ಬ ಅಂತ ಊರವರ ಕಥೆ. ಆಟ ಮುಗಿದ ಮೇಲೆ ಅದೇ ಸಗಣಿ ಹೊಲಕ್ಕೆ ಗೊಬ್ಬರ.

ತಾಳವಾಡಿ ಸೀಮೆಯಲ್ಲೇ ದೊಡ್ಡ ಗಾಜನೂರು, ನಟ ರಾಜ್‌ಕುಮಾರ್, ಅಂದ್ರೆ ನಮ್ಮ ಅಣ್ಣಾವ್ರ ಊರು. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಅಣ್ಣಾವ್ರನ್ನು ಎತ್ತಿಕೊಂಡು ಹೋಗಿದ್ದು ಇಲ್ಲಿಂದಲೇ. ಬಿಡುಗಡೆಗೆ 108 ದಿನ ಹಿಡೀತು.

ಸತ್ಯಮಂಗಲದ ಕಡೆ ಇಳಿಯೋದಾದ್ರೆ ದಿಂಬಂ ಘಾಟಿ, 27 ತಿರುವು. ಹುಲಿ ಕಾಡು, ಹಗಲಲ್ಲೇ ದಾಟಿ. ನಡುವೆ ಗಾಡಿ ನಿಲ್ಲಿಸಿ ಸೆಲ್ಫಿ ಬೇಡ. ಹಾಂ, ಸಗಣಿ ಕಾಳಗಕ್ಕೆ ಹಳೇ ಬಟ್ಟೆ ಎರಡು ಜೊತೆ ಇಟ್ಕೊಳ್ಳಿ.